ಕೂರಿಗೆಗೆ ಇಬ್ಬರು ಬೇಕು

(ಧಾರವಾಡದಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಟಿವಿ ಕ್ಯಾಮೆರಾಮನ್ ಒಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಎಷ್ಟು ಜನ ಕ್ಯಾಮೆರಾ ಹಿಡಿಯಬೇಕು ಅಂತ ಬಂದಿದ್ದೀರಿ? ನಾಲ್ಕು ಕೈ. ರಿಪೋರ್ಟರ್ ಆಗಬೇಕು ಅನ್ನುವವರು? ಉಳಿದವರೆಲ್ಲ. ಸರಿ, ಕೈ ಇಳಿಸಿ. ಈ ಲೆಕ್ಕ ಈಗ ನಡೆಯುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಗೊತ್ತಾಗುತ್ತದೆ, ರಿಪೋರ್ಟರೂ ನೀವೇ, ಕ್ಯಾಮೆರಾಮನ್ನೂ ನೀವೇ. ಎಡಿಟರೂ ನೀವೇ, ಡ್ರೈವರೂ ನೀವೇ.

ಮೊನ್ನೆ ನನ್ನ ಹಳೇ ಶಿಷ್ಯನೊಬ್ಬ ವಾಟ್ಸಾಪ್‌ನಲ್ಲಿ ಒಂದು ಕೆಲಸದ ಜಾಹೀರಾತು ಕಳಿಸಿದ್ದ. ಹುದ್ದೆ, ವಿಡಿಯೋ ಜರ್ನಲಿಸ್ಟ್. ಶೂಟಿಂಗ್ ಬರಬೇಕು, ಎಡಿಟಿಂಗ್ ಬರಬೇಕು, ಸ್ಕ್ರಿಪ್ಟ್ ಬರೆಯಬೇಕು, ಲೈವ್ ಕೊಡಬೇಕು, ರೀಲ್ಸ್ ಮಾಡಬೇಕು, ಡ್ರೋನ್ ಬಂದರೆ ಒಳ್ಳೆಯದು. ಸ್ವಂತ ಬೈಕ್ ಮತ್ತು ಲ್ಯಾಪ್‌ಟಾಪ್ ಇರಬೇಕು. ಕೆಳಗೆ ಅವನು ತನ್ನದೊಂದು ಸಾಲು ಸೇರಿಸಿದ್ದ: "ಸರ್, ಚಹಾ ಮಾಡಾಕ ಬರ್ತೈತೇನು ಅಂತ ಕೇಳಿಲ್ಲ, ಅದೊಂದು ಪುಣ್ಯಾ."

ನಾನು ಆ ಜಾಹೀರಾತನ್ನು ಬೈಯಲು ಇಲ್ಲಿಗೆ ಬಂದಿಲ್ಲ. ಬೈದರೆ ನಿಮಗೆ ಕೆಲಸ ಸಿಗುತ್ತದಾ? ಆ ಪಟ್ಟಿಯಲ್ಲಿ ಯಾವ ಕೆಲಸ ಯಾವುದರ ಜೊತೆ ಕೂಡಿ ಬರುತ್ತದೆ, ಯಾವುದು ಬರುವುದಿಲ್ಲ, ಅದನ್ನಷ್ಟು ನನ್ನ ಅನುಭವದಿಂದ ಹೇಳುತ್ತೇನೆ.

ನಾನು ಈ ಕೆಲಸಕ್ಕೆ ಬಂದಿದ್ದು ಮದುವೆ ಮನೆಯಿಂದ. ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಲೈಟ್ ಹಿಡಿಯುವ ಹುಡುಗ. ವಿಎಚ್‌ಎಸ್ ಕ್ಯಾಮೆರಾ ನಮ್ಮ ಗುರುಗಳ ಹೆಗಲ ಮೇಲೆ, ಸನ್‌ಗನ್ ಲೈಟ್ ನನ್ನ ಕೈಯಲ್ಲಿ. ಆ ಲೈಟಿನ ಬಿಸಿ ಹೇಗಿತ್ತೆಂದರೆ ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗನ ಬಾಸಿಂಗದ ಕೆಳಗಿಂದ ಬೆವರು ಇಳಿಯುತ್ತಿತ್ತು. ಲೈಟ್ ಹಿಡಿಯುವುದಷ್ಟೇ ನನ್ನ ಕೆಲಸ ಅಂತ ಮೊದಲು ತಿಳಿದಿದ್ದೆ. ನಿಜವಾದ ಕೆಲಸ ಬೇರೆ ಇತ್ತು. ಗುರುಗಳ ಬಲಗಣ್ಣು ವ್ಯೂಫೈಂಡರ್ ಒಳಗೆ, ಅಂದರೆ ಕ್ಯಾಮೆರಾದ ನೋಡುವ ಕಿಂಡಿಯೊಳಗೆ. ಅವರಿಗೆ ಕಾಣದ್ದನ್ನು ನಾನು ನೋಡಬೇಕು. ಹಿಂದೆ ಮೆಟ್ಟಿಲು ಬಂತು, ಕಾಲಿಗೆ ವೈರ್ ಸಿಕ್ಕಿತು, ಅಲ್ಲಿ ಮೂಲೆಯಲ್ಲಿ ಹುಡುಗಿಯ ಅಜ್ಜಿ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಬೆನ್ನಿಗೆ ಒಂದು ಸಲ ತಟ್ಟಿದರೆ ನಿಲ್ಲು, ಎರಡು ಸಲ ತಟ್ಟಿದರೆ ಬಲಕ್ಕೆ ತಿರುಗು. ಬಾಯಿ ಬಿಡುವಂತಿಲ್ಲ, ಮೈಕ್‌ನಲ್ಲಿ ಕೇಳುತ್ತದೆ.

ಟಿವಿ ಸುದ್ದಿಯಲ್ಲೂ ಹೀಗೇ ಇತ್ತು. ನಮಗಿಂತ ಹಿಂದಿನವರು ಯು-ಮ್ಯಾಟಿಕ್ ಅನ್ನುವ ಹಳೇ ವಿಡಿಯೋ ಟೇಪಿನ ಕಾಲದವರು. ಆಗ ಕ್ಯಾಮೆರಾ ಬೇರೆ, ಟೇಪ್ ಓಡುವ ರೆಕಾರ್ಡರ್ ಬೇರೆ. ನಡುವೆ ಒಂದು ದಪ್ಪ ಕೇಬಲ್. ಕ್ಯಾಮೆರಾ ಒಬ್ಬರ ಹೆಗಲಿಗೆ, ರೆಕಾರ್ಡರ್ ಇನ್ನೊಬ್ಬರ ಹೆಗಲಿಗೆ. ಒಬ್ಬರು ಓಡಿದರೆ ಇನ್ನೊಬ್ಬರು ಓಡಲೇಬೇಕು, ಜೋಡೆತ್ತಿನ ಹಾಗೆ. 1982ರಲ್ಲಿ ಸೋನಿಯವರು ಬೀಟಾಕ್ಯಾಮ್ ತಂದರು. ಕ್ಯಾಮೆರಾದ ಬೆನ್ನಿಗೇ ರೆಕಾರ್ಡರ್ ಕೂತಿತು, ಕೇಬಲ್ ಹೋಯಿತು. ಕೇಬಲ್ ಜೊತೆಗೆ ಆ ಇನ್ನೊಬ್ಬನೂ ಹೋದ. ಆಗಲೂ ಹಳಬರು ಗೊಣಗಿದ್ದರಂತೆ, ಸೌಂಡ್ ನೋಡುವವರಿಲ್ಲದೆ ಶೂಟ್ ಮಾಡುವುದು ಹೇಗೆ ಅಂತ. ಮಾಡಿದರು. ಹಾಗಾಗಿ ನಾನು ಇವತ್ತು ಗೊಣಗಿದರೆ ನೀವು ನಗಬಹುದು, ಅದು ನಿಮ್ಮ ಹಕ್ಕು.

ನಾನು ಸುದ್ದಿಗೆ ಬಂದಾಗ ಕೈಗೆ ಸಿಕ್ಕಿದ್ದು ಸೋನಿ ಪಿಡಿ170. ಸಣ್ಣ ಕ್ಯಾಮೆರಾ. ಹಳ್ಳಿಗೆ ಹೋದರೆ ಜನ "ಇಷ್ಟs ಏನು? ದೊಡ್ಡದು ತಂದಿಲ್ಲೇನು?" ಅಂತ ಕೇಳುತ್ತಿದ್ದರು. ಶೂಟ್ ಮಾಡಿದ ಟೇಪನ್ನು ಕವರ್‌ನಲ್ಲಿ ಹಾಕಿ, ಮೇಲೆ ಸ್ಕ್ರಿಪ್ಟ್ ಸುತ್ತಿ, ರಾತ್ರಿ ಬೆಂಗಳೂರು ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆವು. ಬೆಳಿಗ್ಗೆ ಆಫೀಸಿನ ಹುಡುಗ ಹೋಗಿ ಇಸಿದುಕೊಳ್ಳಬೇಕು. ಬಸ್ ಹಿರಿಯೂರಿನಲ್ಲಿ ಕೆಟ್ಟು ನಿಂತರೆ ಸುದ್ದಿಯೂ ಹಿರಿಯೂರಿನಲ್ಲೇ ನಿಂತಿತು. ಇದು ಕತೆ ಅಂದುಕೊಳ್ಳಬೇಡಿ, ಎರಡು ಸಲ ಆಗಿದೆ.

2006ರ ನಂತರ ಕನ್ನಡದಲ್ಲಿ 24 ಗಂಟೆಯ ಸುದ್ದಿ ಚಾನೆಲ್‌ಗಳು ಒಂದರ ಹಿಂದೆ ಒಂದು ಬಂದವು. ಓಬಿ ವ್ಯಾನ್ ಬಂತು. ನೆತ್ತಿಯ ಮೇಲೆ ಡಿಶ್ ಹೊತ್ತು, ನಿಂತ ಜಾಗದಿಂದಲೇ ಲೈವ್ ಕಳಿಸುವ ಗಾಡಿ. ಅದು ಚೆನ್ನಮ್ಮ ಸರ್ಕಲ್‌ನಲ್ಲಿ ನಿಂತರೆ ಜನ ಸುಮ್ನೆ ಅದನ್ನೇ ನೋಡಲು ಸೇರುತ್ತಿದ್ದರು. ಡ್ರೈವರ್, ಎಂಜಿನಿಯರ್, ಕ್ಯಾಮೆರಾಮನ್, ರಿಪೋರ್ಟರ್, ಒಟ್ಟು ನಾಲ್ಕು ಜನ. ಆಮೇಲೆ ಬ್ಯಾಕ್‌ಪ್ಯಾಕ್ ಬಂತು. ಒಂದು ಚೀಲದಲ್ಲಿ ಐದಾರು ಸಿಮ್ ಹಾಕಿ, ಎಲ್ಲ ನೆಟ್‌ವರ್ಕ್ ಒಟ್ಟು ಸೇರಿಸಿ ಲೈವ್ ಕಳಿಸುವ ಯಂತ್ರ. ವ್ಯಾನಿನ ಡ್ರೈವರೂ ಎಂಜಿನಿಯರೂ ಬೇಡವಾದರು. ಉಳಿದಿದ್ದು ಇಬ್ಬರು. 2016ರಲ್ಲಿ 4ಜಿ ಅಗ್ಗವಾಯಿತು. ಮೊಬೈಲ್‌ನಲ್ಲೇ ಲೈವ್ ಹೋಗುತ್ತದಲ್ಲ ಅಂದರು. ನಾಲ್ಕು ಇದ್ದದ್ದು ಎರಡಾಗಿ, ಎರಡು ಇದ್ದದ್ದು ಒಂದಾಯಿತು. ಹದಿನೈದು ವರ್ಷವೂ ಹಿಡಿಯಲಿಲ್ಲ.

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ಅಮೆರಿಕದಲ್ಲಿ ಒಬ್ಬನೇ ಎಲ್ಲ ಮಾಡುವವನಿಗೆ 'ಒನ್ ಮ್ಯಾನ್ ಬ್ಯಾಂಡ್' ಅನ್ನುತ್ತಿದ್ದರು, ಈಗ ಗೌರವವಾಗಿ 'ಮಲ್ಟಿಮೀಡಿಯಾ ಜರ್ನಲಿಸ್ಟ್' ಅನ್ನುತ್ತಾರೆ. ನ್ಯೂಯಾರ್ಕ್‌ನಲ್ಲಿ 1992ರಲ್ಲಿ ಶುರುವಾದ ಎನ್‌ವೈ1 ಚಾನೆಲ್ ಮೊದಲಿಂದಲೇ ರಿಪೋರ್ಟರ್ ಕೈಗೆ ಕ್ಯಾಮೆರಾ ಕೊಟ್ಟಿತ್ತು. ಪತ್ರಿಕೆಯವರ ಕತೆ ಇನ್ನೂ ಖಾರ. 2013ರ ಮೇ ತಿಂಗಳಲ್ಲಿ ಷಿಕಾಗೋ ಸನ್-ಟೈಮ್ಸ್ ತನ್ನ ಫೋಟೋಗ್ರಾಫರ್‌ಗಳನ್ನು ಒಂದೇ ದಿನ ಮನೆಗೆ ಕಳಿಸಿತು. 28 ಜನ. ಅದರಲ್ಲಿ ಜಾನ್ ಎಚ್. ವೈಟ್ ಅನ್ನುವವರು ಪುಲಿಟ್ಜರ್ ಪ್ರಶಸ್ತಿ ಪಡೆದವರು. ರಿಪೋರ್ಟರ್‌ಗಳಿಗೆ ಐಫೋನ್‌ನಲ್ಲಿ ಫೋಟೋ ತೆಗೆಯುವ ತರಬೇತಿ ಕೊಟ್ಟರು.

ಈಗ ನಮ್ಮ ಹೊಲಕ್ಕೆ ಬರೋಣ. ನಮ್ಮದು ನವಲಗುಂದ ಕಡೆಯ ಊರು, ಯರಿ ಭೂಮಿ. ಮಳೆ ಬಿದ್ದ ಮೇಲೆ ಆ ಮಣ್ಣಿನಲ್ಲಿ ಟ್ರೈಪಾಡ್ ಇಟ್ಟವರಿಗೆ ಗೊತ್ತು, ಕಿತ್ತು ತೆಗೆದರೆ ಕಾಲು ಒಂದೊಂದೂ ಆನೆ ಕಾಲಾಗಿರುತ್ತದೆ. ಅಪ್ಪ ಕುಂಟೆ ಹೊಡೆಯುವಾಗ ಒಬ್ಬರೇ ಹೋಗುತ್ತಿದ್ದರು. ಎತ್ತು, ಕುಂಟೆ, ಅವರು. ಬುತ್ತಿ ಒಯ್ಯುವುದು ಬಿಟ್ಟರೆ ನಮಗೇನೂ ಕೆಲಸ ಇರುತ್ತಿರಲಿಲ್ಲ. ಆದರೆ ಬಿತ್ತುವ ದಿನ ಅವ್ವ ಹೋಗಲೇಬೇಕು. ಅಪ್ಪ ಎತ್ತು ಹೊಡೆಯಬೇಕು, ಸಾಲು ಸೊಟ್ಟ ಆಗದಂತೆ ನೋಡಬೇಕು. ಅವ್ವ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಾ ಹಿಂದೆ ನಡೆಯಬೇಕು. ಮುಷ್ಟಿ ಜಾಸ್ತಿ ಬಿಗಿಯಾದರೆ ಕಾಳು ಇಳಿಯುವುದಿಲ್ಲ, ಸಡಿಲ ಬಿಟ್ಟರೆ ಅರ್ಧ ಹೊಲಕ್ಕೇ ಚೀಲ ಖಾಲಿ. ಅಪ್ಪನಿಗೆ ಎರಡೂ ಬರುತ್ತಿತ್ತು, ಅವ್ವನಿಗೂ ಎರಡೂ ಬರುತ್ತಿತ್ತು. ಆದರೆ ಇಬ್ಬರಲ್ಲಿ ಒಬ್ಬರು ಎರಡನ್ನೂ ಒಂದೇ ಹೊತ್ತಿಗೆ ಮಾಡುತ್ತೇನೆ ಅಂದಿದ್ದು ನನಗೆ ನೆನಪಿಲ್ಲ.

ನಾನು ಹೇಳಬೇಕಾದದ್ದು ಇಷ್ಟೇ. ಒಂದಾದ ಮೇಲೆ ಒಂದು ಮಾಡುವ ಕೆಲಸ ಎಷ್ಟು ಬೇಕಾದರೂ ಕಲಿಯಿರಿ. ಒಂದೇ ಹೊತ್ತಿಗೆ ಮಾಡಬೇಕಾದ ಕೆಲಸ ಬಂದಾಗ ನಿಂತು ಯೋಚನೆ ಮಾಡಿ.

ಎಡಿಟಿಂಗ್ ಮೊದಲನೇ ಜಾತಿಯದು. ಶೂಟ್ ಮುಗಿಯುತ್ತದೆ, ಕೂರುತ್ತೀರಿ, ಕತ್ತರಿಸುತ್ತೀರಿ. ನಾನು ಕ್ಯಾಮೆರಾಮನ್ ಆಗಿ ಸುಧಾರಿಸಿದ್ದೇ ಎಡಿಟಿಂಗ್ ಕಲಿತ ಮೇಲೆ. ಅದಕ್ಕೆ ಮೊದಲು ಬೆಂಗಳೂರಿನ ಎಡಿಟರ್ ಒಬ್ಬರು ವಾರಕ್ಕೆರಡು ಸಲ ಫೋನ್ ಮಾಡಿ ಬೈಯುತ್ತಿದ್ದರು. "ಏನ್ರೀ ಇದು, ಬರೀ ಓಡಾಡೋ ಶಾಟೇ ಇದೆಯಲ್ರೀ, ನಾನು ಎಲ್ಲಿ ಅಂತ ಕಟ್ ಮಾಡ್ಲಿ?" ನನಗೆ ಸಿಟ್ಟು ಬರುತ್ತಿತ್ತು. ಇಲ್ಲಿ ಬಿಸಿಲಲ್ಲಿ ನಾವು ಸಾಯುತ್ತೇವೆ, ಅಲ್ಲಿ ಎಸಿಯಲ್ಲಿ ಕೂತು ಇವರು ಮಾತಾಡುತ್ತಾರೆ ಅಂತ. ಒಂದು ದಿನ ನನ್ನ ಟೇಪನ್ನೇ ನಾನು ಎಡಿಟ್ ಮಾಡಲು ಕೂತೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಸ್ಟೋರಿ. ಕೆಂಪು ರಾಶಿ, ಚೀಲ, ಹಮಾಲರು, ಟೆಂಡರ್ ಚೀಟಿ, ಎಲ್ಲ ಇದೆ. ಆದರೆ ಒಂದು ಶಾಟೂ ಹತ್ತು ಸೆಕೆಂಡ್ ನಿಂತಿಲ್ಲ. ಮೆಣಸಿನಕಾಯಿ ಘಾಟಿಗೆ ಒಬ್ಬಾತ ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದ, ಅದು ಬೇಕಾಗಿತ್ತು. ಗಂಟು ಬೀಳುವ ಮೊದಲೇ ನಾನು ಕ್ಯಾಮೆರಾ ತಿರುಗಿಸಿಬಿಟ್ಟಿದ್ದೆ. ಅವತ್ತಿನಿಂದ ಆ ಎಡಿಟರ್ ಬಗ್ಗೆ ಒಂದು ಮಾತೂ ಆಡಿಲ್ಲ.

ಸ್ಕ್ರಿಪ್ಟ್ ಬರೆಯುವುದೂ ಹಾಗೇ. ರೀಲ್ಸ್ ಕತ್ತರಿಸುವುದು, ಥಂಬ್‌ನೇಲ್ ಮಾಡುವುದು ಬೇಜಾರಿನ ಕೆಲಸ, ಆದರೆ ಆಗುತ್ತದೆ. ಡ್ರೋನ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ಒಳಗಿನದ್ದಕ್ಕೆ ಬಿಟ್ಟರೆ, ನಮ್ಮಂಥ ಕೆಲಸಕ್ಕೆ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಆಫೀಸಿನವರು "ಹಾರಿಸಪ್ಪಾ, ನೋಡೋಣ" ಅನ್ನುತ್ತಾರೆ. ಪೊಲೀಸರು ಹಿಡಿದಾಗ ಹೆಸರು ಬರೆಸಿಕೊಳ್ಳುವವರು ನೀವು.

ಈಗ ಇನ್ನೊಂದು ಜಾತಿ. 2019ರ ಆಗಸ್ಟ್. ಮಲಪ್ರಭೆಗೆ ನೀರು ಬಂತು, ನವಿಲುತೀರ್ಥ ಡ್ಯಾಂನಿಂದ ಬಿಟ್ಟರು, ಈ ಕಡೆ ಬೆಣ್ಣೆಹಳ್ಳವೂ ತುಂಬಿತು. ಹುಬ್ಬಳ್ಳಿ–ವಿಜಯಪುರ ರಸ್ತೆ ಕೊಣ್ಣೂರು ಹತ್ತಿರ ಮುಳುಗಿತು. ನಾನಿದ್ದ ಚಾನೆಲ್‌ನಲ್ಲಿ ಆಗ ನಮ್ಮ ರಿಪೋರ್ಟರ್ ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು, ಬದಲಿಗೆ ಯಾರನ್ನೂ ಕೊಟ್ಟಿರಲಿಲ್ಲ. "ನೀವೇ ಮ್ಯಾನೇಜ್ ಮಾಡಿ" ಅಂದಿದ್ದರು. ಮಾಡಿದೆ. ಒಂದು ಶಾಲೆಯಲ್ಲಿ ಪರಿಹಾರ ಕೇಂದ್ರ. ಮೊಬೈಲನ್ನು ಸ್ಟಿಕ್‌ಗೆ ಹಾಕಿ, ಕಿವಿಗೆ ಇಯರ್‌ಫೋನ್ ಹಾಕಿ, ಒಬ್ಬ ಅಜ್ಜನ ಮುಂದೆ ಲೋಗೋ ಮೈಕ್ ಹಿಡಿದು ಲೈವ್ ಕೊಡುತ್ತಿದ್ದೆ. ಕಿವಿಯಲ್ಲಿ ಡೆಸ್ಕ್‌ನವರು, "ಫ್ರೇಮ್ ಬಲಕ್ಕೆ ತಗೊಳ್ಳಿ, ಆಡಿಯೋ ಕಟ್ ಆಗ್ತಿದೆ, ಇನ್ನೂ ಒಂದು ನಿಮಿಷ ಎಳೀರಿ." ಕಣ್ಣು ಸಿಗ್ನಲ್ ಕಡ್ಡಿಗಳ ಮೇಲೆ. ಬಾಯಿ ಮಾತ್ರ ಪ್ರಶ್ನೆ ಕೇಳುತ್ತಿದೆ. ಅಜ್ಜ ಏನೋ ಹೇಳಿದರು. ಅವರು ಬಾಯಿ ಮುಚ್ಚಿದ ಕೂಡಲೇ ನಾನು ಕೇಳಿದೆ, "ಅಜ್ಜಾರ, ಸರ್ಕಾರದಿಂದ ಏನು ನಿರೀಕ್ಷೆ ಮಾಡ್ತೀರಿ?"

ಅವರು ನನ್ನ ಮುಖ ನೋಡಿದರು. ಉತ್ತರ ಕೊಡಲಿಲ್ಲ. ಲೈವ್ ಕಟ್ ಆಯಿತು, ನಾನು ಮುಂದಿನ ಕೋಣೆಗೆ ಹೋದೆ.

ರಾತ್ರಿ ಹುಬ್ಬಳ್ಳಿಗೆ ಬಂದು ಫೇಸ್‌ಬುಕ್‌ಗೆ ಹಾಕಲು ಅದೇ ಲೈವ್‌ನಿಂದ ಒಂದು ತುಣುಕು ಕತ್ತರಿಸುತ್ತಿದ್ದೆ. ಆಗ ಮೊದಲ ಬಾರಿ ಅವರ ಮಾತು ಕೇಳಿದೆ. ಅವರು ಹೇಳಿದ್ದು ಹೀಗೆ: "ಆಕಳ ಕಟ್ಟಿದ್ದು ಕಟ್ಟಿದಂಗ ಐತ್ರಿ. ಹಗ್ಗ ನೆಂದು ಬಿಗದಿತ್ತು, ಬಿಚ್ಚಾಕ ಬರಲಿಲ್ಲ. ಕುಡಗೋಲ ಸಿಗಲಿಲ್ಲ. ನಾ ಬಂದೆ." ಅದಾದ ಮೇಲೆ ನನ್ನ ಪ್ರಶ್ನೆ.

ಆ ಮಾತು ಹೇಳುವಾಗ ಅವರ ಬೆರಳುಗಳು ಗಂಟು ಬಿಚ್ಚುವ ಹಾಗೆ ಆಡುತ್ತಿದ್ದವು. ಫ್ರೇಮಿನ ಕೆಳಗೆ ಅರ್ಧ ಕಾಣುತ್ತಿತ್ತು. ಜೊತೆಗೆ ರಿಪೋರ್ಟರ್ ಇದ್ದಿದ್ದರೆ ಅವನು ಕೇಳಿಸಿಕೊಳ್ಳುತ್ತಿದ್ದ, ನಾನು ಬೆರಳಿನ ಮೇಲೆ ಇಳಿಯುತ್ತಿದ್ದೆ. ಅವತ್ತು ನಾವಿಬ್ಬರೂ ಅಲ್ಲಿರಲಿಲ್ಲ, ಅಲ್ವಾ? ಅಲ್ಲಿದ್ದದ್ದು ಸಿಗ್ನಲ್ ನೋಡುವ ಒಬ್ಬ ಮನುಷ್ಯ. ಎರಡು ದಿನ ಬಿಟ್ಟು ಆ ಶಾಲೆಗೆ ಮತ್ತೆ ಹೋದೆ. ಅಜ್ಜನನ್ನು ಮಗಳು ತನ್ನ ಊರಿಗೆ ಕರೆದುಕೊಂಡು ಹೋಗಿದ್ದಳು.

ಅದೇ ವರ್ಷ ಮಾರ್ಚ್ 19ಕ್ಕೆ ಇಲ್ಲೇ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. 19 ಜನ ಸತ್ತರು. ಎರಡು ದಿನ ಕಳೆದ ಮೇಲೂ ಒಳಗಿಂದ ಜೀವಂತ ಬಂದವರಿದ್ದರು. ಆಗ ನನ್ನ ಜೊತೆ ರಿಪೋರ್ಟರ್ ಇದ್ದ. ಒಬ್ಬರು ಎರಡು ತಾಸು ಗಾಡಿಯಲ್ಲಿ ಮಲಗುವುದು, ಇನ್ನೊಬ್ಬರು ನಿಲ್ಲುವುದು. ಹಾಗಾಗಿ ಮೂರನೇ ದಿನವೂ ನಾವು ಮನುಷ್ಯರ ಹಾಗೆ ಮಾತಾಡುತ್ತಿದ್ದೆವು. ಗಂಡ ಒಳಗಿದ್ದ ಒಬ್ಬ ತಾಯಿಗೆ ಮೈಕ್ ಹಿಡಿಯಬೇಡ ಅಂತ ಅವನು ನನಗೆ ಕಣ್ಣಲ್ಲೇ ಹೇಳಿದ, ನಾನು ಕ್ಯಾಮೆರಾ ಇಳಿಸಿದೆ. ಒಬ್ಬನೇ ಇದ್ದಿದ್ದರೆ ಇಳಿಸುತ್ತಿದ್ದೆನಾ? ಗೊತ್ತಿಲ್ಲ. ಡೆಸ್ಕ್‌ನವರು ಕಿವಿಯಲ್ಲಿ ಇರುತ್ತಾರೆ, ಬೇಡ ಅನ್ನುವವರು ಪಕ್ಕದಲ್ಲಿ ಇರಬೇಕಾಗುತ್ತದೆ.

ಇನ್ನು ಬೆನ್ನಿನ ವಿಷಯ. 2016ರ ಜುಲೈನಲ್ಲಿ ಮಹದಾಯಿ ನದಿ ನೀರಿನ ನ್ಯಾಯಮಂಡಳಿ ನಮ್ಮ ರಾಜ್ಯದ ಮಧ್ಯಂತರ ಅರ್ಜಿ ತಿರಸ್ಕರಿಸಿದಾಗ ನವಲಗುಂದದಲ್ಲಿ ಕಲ್ಲು ಬಿದ್ದವು, ಬೆಂಕಿ ಬಿತ್ತು. ನನ್ನದೇ ತಾಲೂಕು, ಗುರುತಿನ ಮುಖಗಳು, ಆದರೂ ಗುಂಪಿಗೆ ಗುರುತು ಇರುವುದಿಲ್ಲ. ಜನ ಮುಂದೆ ಬರುತ್ತಿದ್ದಾರೆ, ನಾನು ಶೂಟ್ ಮಾಡುತ್ತಾ ಹಿಂದಕ್ಕೆ ನಡೆಯುತ್ತಿದ್ದೇನೆ. ನಮ್ಮ ಗಾಡಿಯ ಡ್ರೈವರ್ ನನ್ನ ಬೆಲ್ಟನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದಿದ್ದ. ಎಳೆದ ಕಡೆ ನಾನು ಹೋಗುತ್ತಿದ್ದೆ. ಗಟಾರ ದಾಟಿಸಿದ, ಬಿದ್ದ ಸೈಕಲ್ ದಾಟಿಸಿದ, ಒಂದು ಸಲ ಜೋರಾಗಿ ಜಗ್ಗಿದ. ಅರ್ಧ ಇಟ್ಟಿಗೆ ನಾನಿದ್ದ ಜಾಗದಲ್ಲಿ ಬಿತ್ತು. ಆ ಮುಷ್ಟಿಗೆ ಯಾವ ಚಾನೆಲ್‌ನಲ್ಲೂ ಹುದ್ದೆಯ ಹೆಸರಿಲ್ಲ.

ಹಳೇ ಕ್ಯಾಮೆರಾದಲ್ಲಿ ಇನ್ನೊಂದು ಅನುಕೂಲ ಇತ್ತು. ಬಲಗಣ್ಣು ವ್ಯೂಫೈಂಡರ್‌ನಲ್ಲಿ ಇದ್ದರೆ ಎಡಗಣ್ಣು ತೆರೆದಿರುತ್ತಿತ್ತು. ಎಡಗಡೆಯಿಂದ ಏನು ಬರುತ್ತಿದೆ ಅಂತ ಕಾಣುತ್ತಿತ್ತು. ಮೊಬೈಲ್ ಹಿಡಿದರೆ ಎರಡೂ ಕಣ್ಣು ಸ್ಕ್ರೀನ್‌ಗೆ ಹೋಗುತ್ತವೆ. ಮನೆಗೆ ಹೋಗಿ ಪರೀಕ್ಷೆ ಮಾಡಿ ನೋಡಿ.

2024ರ ಮಾರ್ಚ್ 11ಕ್ಕೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಬಿದ್ದು ರೈತರು ಸಿಟ್ಟಿಗೆದ್ದರು, ಎಪಿಎಂಸಿಯಲ್ಲಿ ಗಾಡಿಗಳಿಗೆ ಬೆಂಕಿ ಹಚ್ಚಿದರು. ಅಲ್ಲಿಗೆ ಒಬ್ಬನೇ ಹೋಗಿದ್ದ ಹುಡುಗನೊಬ್ಬ ಆಮೇಲೆ ನನ್ನ ಹತ್ತಿರ ಬಂದಿದ್ದ, ಮೊಣಕೈಗೆ ಬ್ಯಾಂಡೇಜ್. ಯಾರೂ ಹೊಡೆದಿರಲಿಲ್ಲ. ಲೈವ್ ಕೊಡುತ್ತಾ ಹಿಂದಕ್ಕೆ ಸರಿದು, ನಿಲ್ಲಿಸಿದ್ದ ಬೈಕಿಗೆ ತೊಡರಿ ಬಿದ್ದಿದ್ದ. "ಹಿಂದ ಯಾರೂ ಇರಲಿಲ್ರಿ ಸರ್" ಅಂದ. ಅಷ್ಟೇ ಅಂದ.

ಡ್ರೈವಿಂಗ್ ಬಗ್ಗೆ ಹೇಳದೆ ಹೋದರೆ ನನ್ನ ಹೆಂಡತಿ ಮನೆಯೊಳಗೆ ಬಿಡುವುದಿಲ್ಲ. ಹುಬ್ಬಳ್ಳಿ–ಧಾರವಾಡ ಬೈಪಾಸ್‌ನಲ್ಲಿ ಆಗಿರುವ ಅಪಘಾತಗಳನ್ನು ನಾನು ಎಷ್ಟು ಶೂಟ್ ಮಾಡಿದ್ದೇನೋ ಲೆಕ್ಕ ಇಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಗೆಳತಿಯರಿದ್ದ ಟೆಂಪೊ ಟ್ರಾವೆಲರ್ ಅಪಘಾತ ನಿಮಗೂ ನೆನಪಿರಬೇಕು. ಅದೇ ಬೈಪಾಸ್‌ನಲ್ಲಿ, ಹದಿನೆಂಟು ತಾಸು ಕೆಲಸ ಮಾಡಿ, ರಾತ್ರಿ ಎರಡಕ್ಕೆ ನಾನೇ ಗಾಡಿ ಓಡಿಸಿಕೊಂಡು ಬಂದಿದ್ದೇನೆ. ಕಿಟಕಿ ತೆರೆದು, ಬಾಯಲ್ಲಿ ಲವಂಗ ಇಟ್ಟುಕೊಂಡು. ಇದು ಸಾಹಸ ಅಂತ ಹೇಳುತ್ತಿಲ್ಲ. ಮೂರ್ಖತನ. ನೀವು ಮಾಡಬೇಡಿ. ರಾತ್ರಿ ಹಾವೇರಿಯಲ್ಲೋ ಗದಗಿನಲ್ಲೋ ಬಸ್ ಸ್ಟ್ಯಾಂಡ್ ಮುಂದೆ ಲಾಡ್ಜ್ ಮಾಡಿ ಮಲಗಿ, ಬಿಲ್ ಕಳಿಸಿ. ಕೊಡದಿದ್ದರೆ ಜಗಳ ಮಾಡಿ.

ಕಾನೂನಿನ ಮಾತು ಸ್ವಲ್ಪ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯಲ್ಲಿ ಪತ್ರಕರ್ತ ಅಂದರೆ ಯಾರು ಅಂತ ಪಟ್ಟಿಯೇ ಇತ್ತು. ಸಂಪಾದಕ, ಉಪಸಂಪಾದಕ, ವರದಿಗಾರ, ವ್ಯಂಗ್ಯಚಿತ್ರಕಾರ, ಸುದ್ದಿ ಫೋಟೋಗ್ರಾಫರ್, ಕೊನೆಗೆ ಪ್ರೂಫ್ ರೀಡರ್ ಕೂಡ. ಆದರೆ ಅದು ಪತ್ರಿಕೆಗಳಿಗೆ ಮಾಡಿದ ಕಾಯ್ದೆ, ಟಿವಿಯವರು ಅದರೊಳಗೆ ಇರಲಿಲ್ಲ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಅದೇ ಪಟ್ಟಿ ಇಟ್ಟುಕೊಂಡು ಎಲೆಕ್ಟ್ರಾನಿಕ್ ಮತ್ತು ಡಿಜಿಟಲ್ ಮಾಧ್ಯಮವನ್ನೂ ಸೇರಿಸಿತು. 2025ರ ನವೆಂಬರ್ 21ರಿಂದ ಜಾರಿ ಅಂತ ಕೇಂದ್ರ ಸರ್ಕಾರ ಹೇಳಿದೆ. ಆ ಪಟ್ಟಿ ಓದುವಾಗ ನನಗೆ ಒಂದು ವಿಷಯ ಮಜಾ ಅನಿಸಿತು. ಕಾನೂನು ಒಂದೊಂದು ಕೆಲಸಕ್ಕೆ ಒಂದೊಂದು ಹೆಸರು ಇಟ್ಟಿದೆ. ನಿಮ್ಮ ಆಫರ್ ಲೆಟರ್‌ನಲ್ಲಿ ಇರುವುದು ಒಂದೇ ಹೆಸರು, ಸಂಬಳವೂ ಒಂದೇ. ಸಹಿ ಹಾಕುವ ಮೊದಲು ಅದರಲ್ಲಿ ಯಾವ ಯಾವ ಕೆಲಸ ಬರೆದಿದ್ದಾರೆ ನೋಡಿ. ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಿ ಅನ್ನಿ.

ಒಬ್ಬರು ಚೀಟಿ ಕಳಿಸಿದ್ದಾರೆ. "ಇಂಟರ್‌ವ್ಯೂನಲ್ಲಿ ಎಲ್ಲಾ ಕೆಲಸ ಮಾಡ್ತೀರಾ ಅಂತ ಕೇಳಿದರೆ ಏನು ಹೇಳಬೇಕು?" ಮಾಡುತ್ತೇನೆ ಅನ್ನಿ. ಸುಳ್ಳಲ್ಲವಲ್ಲ, ಕಲಿತಿರುತ್ತೀರಿ. ಆಮೇಲೆ ಒಂದು ಪ್ರಶ್ನೆ ನೀವು ಕೇಳಿ. "ಗಲಾಟೆ ಇದ್ದ ಕಡೆ ಲೈವ್ ಕೊಡುವಾಗ ನನ್ನ ಜೊತೆ ಯಾರು ಬರ್ತಾರೆ?" ಹೋದ ವರ್ಷ ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಹೀಗೇ ಕೇಳಿದಳು. ಎದುರಿಗೆ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಕೆಲಸ ಕೊಟ್ಟರು. ಜೊತೆಗೆ ಬರುವವರನ್ನು ಮಾತ್ರ ಇವತ್ತಿಗೂ ಕೊಟ್ಟಿಲ್ಲ.

ಅವಳು ಏನು ಮಾಡಿದ್ದಾಳೆ ಗೊತ್ತಾ? ಇನ್ನೊಂದು ಚಾನೆಲ್‌ನಲ್ಲಿ ಅವಳ ಹಾಗೇ ಒಬ್ಬನೇ ಓಡಾಡುವ ಹುಡುಗ ಇದ್ದಾನೆ. ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದಾರೆ. ಅವಳ ಲೈವ್ ಹತ್ತೂವರೆಗೆ ಇದ್ದರೆ ಅವನು ಹಿಂದೆ ನಿಂತು ಅವಳ ಬ್ಯಾಗಿನ ಪಟ್ಟಿ ಹಿಡಿಯುತ್ತಾನೆ. ಅವನದ್ದು ಹತ್ತು ನಲವತ್ತಕ್ಕೆ, ಆಗ ಇವಳು ಹಿಡಿಯುತ್ತಾಳೆ. ಎರಡೂ ಆಫೀಸಿಗೆ ಗೊತ್ತಿಲ್ಲ. ಬ್ರೇಕಿಂಗ್ ಯಾರದ್ದು ಮೊದಲು ಅಂತ ಆ ಎರಡು ಚಾನೆಲ್‌ಗಳು ಬೆಂಗಳೂರಿನಲ್ಲಿ ಕಿತ್ತಾಡುತ್ತಿರುತ್ತವೆ.

ಸರಿ, ಕೂತು ಕೂತು ಬೇಜಾರಾಗಿರಬೇಕು. ಎಲ್ಲರೂ ಮೊಬೈಲ್ ತೆಗೆದುಕೊಂಡು ಹೊರಗೆ ಬನ್ನಿ. ಇಬ್ಬಿಬ್ಬರು ಜೋಡಿ ಆಗಿ. ಒಬ್ಬರು ಶೂಟ್ ಮಾಡುತ್ತಾ ಹಿಂದಕ್ಕೆ ನಡೆಯಬೇಕು, ಆ ಬೇವಿನ ಗಿಡದವರೆಗೆ. ಇನ್ನೊಬ್ಬರು ಹಿಂದಿನಿಂದ ಹಿಡಿಯಬೇಕು. ಮಾತಾಡುವಂತಿಲ್ಲ. ಒಂದು ಸಲ ತಟ್ಟಿದರೆ ನಿಲ್ಲು, ಎರಡು ಸಲ ತಟ್ಟಿದರೆ ಬಲಕ್ಕೆ. ಮೆಟ್ಟಿಲು ಮೂರಿವೆ, ಹುಷಾರು.